ಪೊಟ್ಟಣದ ಸೀರಿಯಲ್‌ಗೆ ಬದಲು ಮನೆಯಲ್ಲೇ ಮಾಡುವ ತಿಂಡಿ: ಯಾವ ಮನೆಗೆ ಯಾವುದು ಹೊಂದುತ್ತದೆ

ಪೊಟ್ಟಣ ಹರಿದು, ಬಟ್ಟಲಿಗೆ ಸುರಿದು, ಹಾಲು ಹಾಕಿ ತಿನ್ನುವ ಸೀರಿಯಲ್ ಅನ್ನು ಬಿಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಹುಡುಕುವುದು ಅದಕ್ಕಿಂತ ಪೌಷ್ಟಿಕವಾದ ಇನ್ನೊಂದನ್ನು. ಆದರೆ ಆ ಪೊಟ್ಟಣ ಅಡುಗೆಮನೆಯ ಕಪಾಟಿನಲ್ಲಿ ಜಾಗ ಹಿಡಿದದ್ದು ಪೌಷ್ಟಿಕತೆಯ ಬಲದಿಂದಲ್ಲ. ಒಲೆ ಹಚ್ಚಬೇಕಿಲ್ಲ, ತೊಳೆಯಬೇಕಾದ ಪಾತ್ರೆ ಒಂದೇ, ಆರೇಳು ವರ್ಷದ ಮಗುವೂ ಯಾರನ್ನೂ ಕರೆಯದೆ ತಾನೇ ಬಡಿಸಿಕೊಳ್ಳಬಲ್ಲದು, ಜೊತೆಗೆ ಹಲ್ಲಿಗೆ ಸಿಗುವ ಆ ಗರಿಗರಿತನ ಪ್ರತಿದಿನವೂ ತಪ್ಪದೆ ಒಂದೇ ರೀತಿ ಇರುತ್ತದೆ. ಈ ನಾಲ್ಕು ಅನುಕೂಲಗಳಲ್ಲಿ ತಮ್ಮ ಮನೆ ನೆಚ್ಚಿಕೊಂಡಿರುವುದು ಯಾವುದನ್ನು ಎಂದು ತಿಳಿದುಕೊಳ್ಳದೆ ಬದಲಿ ತಿಂಡಿಯನ್ನು ಆರಿಸಿದರೆ ಆ ಉತ್ಸಾಹ ಹೆಚ್ಚು ದಿನ ಬಾಳುವುದಿಲ್ಲ. ಆದ್ದರಿಂದ ಇಲ್ಲಿ ಆಯ್ಕೆಗಳನ್ನು ಹೋಲಿಸುವಾಗ ಸಕ್ಕರೆ, ಪ್ರೋಟೀನ್, ನಾರಿನಂಶಗಳ ಲೆಕ್ಕದ ಜೊತೆಗೆ, ಕೆಲಸದ ಭಾರ ಯಾವ ಹೊತ್ತಿನಲ್ಲಿ ಬೀಳುತ್ತದೆ ಎಂಬುದಕ್ಕೂ ಅಷ್ಟೇ ತೂಕ ಕೊಡಲಾಗಿದೆ. ಕೆಲವು ತಿಂಡಿಗಳು ಹಿಂದಿನ ರಾತ್ರಿಯ ಐದು ನಿಮಿಷವನ್ನು ಕೇಳುತ್ತವೆ, ಕೆಲವು ಬೆಳಗಿನ ಹತ್ತು ನಿಮಿಷವನ್ನು, ಇನ್ನು ಕೆಲವು ರಜಾದಿನದ ಒಂದು ಗಂಟೆಯನ್ನು.

ಪೊಟ್ಟಣದಲ್ಲಿ ಏನಿದೆ

ಎಲ್ಲ ಸೀರಿಯಲ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಸಕ್ಕರೆ ಬೆರೆಸದ ಸಾದಾ ಓಟ್ಸ್ ಅಥವಾ ಇಡಿ ಗೋಧಿಯಿಂದ ಮಾಡಿದ ಸಪ್ಪೆ ಬಗೆಗಳು ಪೊಟ್ಟಣದಲ್ಲಿ ಬಂದವು ಎಂಬ ಕಾರಣಕ್ಕೆ ದೂರುವಂಥವಲ್ಲ. ತೊಂದರೆ ಇರುವುದು ಮಕ್ಕಳ ಕಣ್ಣು ಸೆಳೆಯಲೆಂದೇ ತಯಾರಾದ, ಚಾಕೊಲೇಟ್, ಜೇನು ಅಥವಾ ಹಣ್ಣಿನ ರುಚಿ ಸೇರಿಸಿದ ಬಗೆಗಳಲ್ಲಿ. ಅವುಗಳಲ್ಲಿ 100 ಗ್ರಾಂಗೆ 25ರಿಂದ 35 ಗ್ರಾಂವರೆಗೆ ಸಕ್ಕರೆ ಇರುವುದು ಅಪರೂಪವಲ್ಲ. ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ಬಣ್ಣದ ಲೇಬಲ್ ಪದ್ಧತಿಯ ಪ್ರಕಾರ 100 ಗ್ರಾಂ ತಿನಿಸಿನಲ್ಲಿ 22.5 ಗ್ರಾಂಗಿಂತ ಹೆಚ್ಚು ಸಕ್ಕರೆ ಇದ್ದರೆ ಕೆಂಪು ಗುರುತು ಬೀಳುತ್ತದೆ, 5 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಸಿರು. ಈ ಎರಡು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ಎಲ್ಲಿಯ ಪೊಟ್ಟಣವನ್ನಾದರೂ ನಿಂತಲ್ಲೇ ಅಳೆಯಬಹುದು.

ಲೇಬಲ್ ಓದುವಾಗ ಎಚ್ಚರ ತಪ್ಪುವ ಇನ್ನೊಂದು ಜಾಗವೆಂದರೆ ಒಂದು ಸಲಕ್ಕೆ ತಿನ್ನುವ ಪ್ರಮಾಣ. ಅದನ್ನು ಬಹುಪಾಲು 30 ಗ್ರಾಂ ಎಂದು ಮುದ್ರಿಸಿರುತ್ತಾರೆ. ಅಡುಗೆಮನೆಯ ತಕ್ಕಡಿಯ ಮೇಲೆ ಬಟ್ಟಲಿಟ್ಟು 30 ಗ್ರಾಂ ತೂಗಿ ನೋಡಿದರೆ ಅದು ಎಷ್ಟು ಕಡಿಮೆ ಎಂಬುದು ಕಣ್ಣಿಗೇ ಕಾಣುತ್ತದೆ. ಹಸಿದ ಮಗು ತಾನಾಗಿ ಸುರಿದುಕೊಂಡಾಗ ಬಟ್ಟಲಿಗೆ ಬೀಳುವುದು ಸುಲಭವಾಗಿ 50 ಗ್ರಾಂ. ಶೇಕಡಾ 30ರಷ್ಟು ಸಕ್ಕರೆಯಿರುವ ಸೀರಿಯಲ್ ಆಗಿದ್ದರೆ ಆ ಒಂದು ಬಟ್ಟಲಿನಲ್ಲೇ 15 ಗ್ರಾಂ ಸಕ್ಕರೆ, ಅಂದರೆ ಸುಮಾರು ನಾಲ್ಕು ಟೀ ಚಮಚ. ಬ್ರಿಟನ್ನಿನ ಆರೋಗ್ಯ ಇಲಾಖೆಯ ಸಲಹೆಯಂತೆ ನಾಲ್ಕರಿಂದ ಆರು ವರ್ಷದ ಮಗುವಿಗೆ ಇಡೀ ದಿನಕ್ಕೆ ಮೀರಬಾರದ ಮಿತಿ 19 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿಯು ದಿನದ ಒಟ್ಟು ಕ್ಯಾಲೊರಿಯಲ್ಲಿ ಹೊರಗಿನಿಂದ ಸೇರುವ ಸಕ್ಕರೆಯ ಪಾಲು ಶೇಕಡಾ 10ಕ್ಕಿಂತ ಕಡಿಮೆ ಇರಬೇಕೆಂದೂ, ಶೇಕಡಾ 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದೆಂದೂ ಹೇಳುತ್ತದೆ. ವಯಸ್ಕರ ಲೆಕ್ಕದಲ್ಲಿ ಆ ಶೇಕಡಾ 5 ಎಂದರೆ ಸುಮಾರು 25 ಗ್ರಾಂ.

ಪೊಟ್ಟಣದ ಪರವಾಗಿ ಹೇಳಬೇಕಾದ ಮಾತೂ ಒಂದಿದೆ. ಅನೇಕ ಸೀರಿಯಲ್‌ಗಳಿಗೆ ತಯಾರಿಕೆಯ ಹಂತದಲ್ಲೇ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಮತ್ತು ಕೆಲವೊಮ್ಮೆ ಡಿ ವಿಟಮಿನ್‌ಗಳನ್ನು ಬೆರೆಸಿರುತ್ತಾರೆ. ಊಟಕ್ಕೆ ಸತಾಯಿಸುವ ಮಗುವಿಗೆ, ಮಾಂಸ ಮೊಟ್ಟೆ ಮುಟ್ಟದ ಕುಟುಂಬಕ್ಕೆ ಇದು ಸಣ್ಣ ಲಾಭವಲ್ಲ. ಮನೆಯಲ್ಲಿ ಬೇಯಿಸಿದ ಓಟ್ಸ್‌ನಲ್ಲಿ ಬಿ12 ಇರುವುದಿಲ್ಲ. ಅದು ಹಾಲು, ಮೊಸರು ಅಥವಾ ಮೊಟ್ಟೆಯಿಂದಲೇ ಬರಬೇಕು. ಓಟ್ಸ್, ಬೀಜ ಮತ್ತು ಬೇಳೆಕಾಳುಗಳಲ್ಲಿ ಕಬ್ಬಿಣಾಂಶ ಇದ್ದರೂ ದೇಹ ಅದನ್ನು ಹೀರಿಕೊಳ್ಳುವುದು ಕಡಿಮೆ. ಅದಕ್ಕೆ ಸಿ ವಿಟಮಿನ್ ಇರುವ ಹಣ್ಣು ನೆರವಾಗುತ್ತದೆ, ಅದೇ ಹೊತ್ತಿಗೆ ಕುಡಿಯುವ ಟೀ ಕಾಫಿ ಅಡ್ಡಿಯಾಗುತ್ತದೆ. ಹೀಗಾಗಿ ಪೊಟ್ಟಣವನ್ನು ಬಿಡುವವರು ಅದರ ಸಕ್ಕರೆಯನ್ನಷ್ಟೇ ಅಲ್ಲ, ಅದರೊಂದಿಗೆ ಬರುತ್ತಿದ್ದ ಈ ಪೋಷಕಾಂಶಗಳನ್ನೂ ಬಿಡುತ್ತಿರುತ್ತಾರೆ ಎಂಬುದು ಲೆಕ್ಕದಲ್ಲಿರಲಿ. ಬಟ್ಟಲಿನ ಪಕ್ಕದಲ್ಲಿ ಒಂದು ಕಿತ್ತಳೆಯೋ ಸೀಬೆಯೋ ಇದ್ದರೆ ಈ ಕೊರತೆಯ ಒಂದು ಭಾಗ ತುಂಬುತ್ತದೆ.

ರಾತ್ರಿ ನೆನೆಸಿಡುವ ಓಟ್ಸ್

ಬೆಳಗಿನ ಹೊತ್ತು ಒಂದು ನಿಮಿಷವನ್ನೂ ಬಿಟ್ಟುಕೊಡಲಾಗದ ಮನೆಗೆ ನಾನು ಮೊದಲು ಸೂಚಿಸುವುದು ಇದನ್ನೇ. 1863ರಲ್ಲಿ ಅಮೆರಿಕದ ಜೇಮ್ಸ್ ಕೇಲೆಬ್ ಜಾಕ್ಸನ್ ತಯಾರಿಸಿದ ‘ಗ್ರಾನ್ಯುಲಾ’ ಎಂಬ, ತಣ್ಣಗೇ ತಿನ್ನುವ ಸೀರಿಯಲ್‌ಗಳ ಮೂಲಪುರುಷ ಎನ್ನಬಹುದಾದ ತಿನಿಸು ಎಷ್ಟು ಗಟ್ಟಿಯಾಗಿತ್ತೆಂದರೆ ಅದನ್ನು ರಾತ್ರಿಯೇ ನೆನೆಸಿಡದೆ ತಿನ್ನಲಾಗುತ್ತಿರಲಿಲ್ಲ. ಸುರಿದ ಕೂಡಲೇ ತಿನ್ನುವ ಸೌಕರ್ಯ ಬಂದದ್ದು ಆಮೇಲೆ. ಕೆಲಾಗ್ ಸಹೋದರರ ಚಕ್ಕೆಯ ಧಾನ್ಯಕ್ಕೆ ಪೇಟೆಂಟ್ ಸಿಕ್ಕಿದ್ದು 1896ರಲ್ಲಿ. ಅಂದಮೇಲೆ ನೆನೆಸುವುದೇನೂ ಇತ್ತೀಚಿನ ಹುಚ್ಚಲ್ಲ.

ಒಬ್ಬರಿಗೆ 40 ಗ್ರಾಂ ರೋಲ್ಡ್ ಓಟ್ಸ್, 120ರಿಂದ 150 ಮಿಲಿ ಹಾಲು, ಎರಡು ದೊಡ್ಡ ಚಮಚ ಮೊಸರು, ಒಂದು ಟೀ ಚಮಚ ಚಿಯಾ ಬೀಜ ಮತ್ತು ಒಂದು ಚಿಟಿಕೆ ಉಪ್ಪನ್ನು ಮುಚ್ಚಳವಿರುವ ಗಾಜಿನ ಡಬ್ಬಿಯಲ್ಲಿ ಕಲಸಿ ಫ್ರಿಜ್‌ನಲ್ಲಿಟ್ಟರೆ ಆರೆಂಟು ಗಂಟೆಯಲ್ಲಿ ತಿನ್ನಲು ಸಿದ್ಧವಾಗಿರುತ್ತದೆ. ರೋಲ್ಡ್ ಓಟ್ಸ್ ಅನ್ನು ಚಪ್ಪಟೆ ಮಾಡುವ ಮೊದಲೇ ಹಬೆಯಲ್ಲಿ ಬೇಯಿಸಿರುತ್ತಾರೆ, ಆದ್ದರಿಂದ ಮತ್ತೆ ಒಲೆಯ ಮೇಲಿಡುವ ಅಗತ್ಯವಿಲ್ಲ. ಇನ್‌ಸ್ಟಂಟ್ ಓಟ್ಸ್ ಹಾಕಿದರೆ ಬೆಳಿಗ್ಗೆ ಸಿಗುವುದು ಅಂಟಿನಂತಹ ಮುದ್ದೆ. ಕಾಳನ್ನು ಚಪ್ಪಟೆ ಮಾಡದೆ ತುಂಡರಿಸಿದ ಸ್ಟೀಲ್ ಕಟ್ ಹಾಕಿದರೆ ಅಗಿಯುವಷ್ಟರಲ್ಲಿ ದವಡೆ ಸೋಲುತ್ತದೆ. ಉಪ್ಪನ್ನು ಬಿಡಬೇಡಿ. ಅದಿಲ್ಲದ ಓಟ್ಸ್‌ನ ಸಪ್ಪೆತನವನ್ನು ಮುಚ್ಚಲು ಕೈ ತಾನಾಗಿ ಸಕ್ಕರೆ ಡಬ್ಬಿಯತ್ತ ಹೋಗುತ್ತದೆ.

ಪೋಷಣೆಯ ದೃಷ್ಟಿಯಿಂದ ಇದಕ್ಕೆ ಸಮನಾದ ಸುಲಭ ತಿಂಡಿ ಕಡಿಮೆ. 40 ಗ್ರಾಂ ಓಟ್ಸ್‌ನಲ್ಲಿ ಸುಮಾರು 5 ಗ್ರಾಂ ಪ್ರೋಟೀನ್ ಮತ್ತು 4 ಗ್ರಾಂ ನಾರು ಇದ್ದು, ಹಾಲು ಮೊಸರು ಸೇರಿದಾಗ ಪ್ರೋಟೀನ್ 10 ಗ್ರಾಂ ದಾಟುತ್ತದೆ. ಮೇಲೆ ಒಂದು ದೊಡ್ಡ ಚಮಚ ಬಾದಾಮಿ ಪುಡಿ ಉದುರಿಸಿದರೆ ಇನ್ನೂ ಒಂದೆರಡು ಗ್ರಾಂ. ಸಾದಾ ಕಾರ್ನ್‌ಫ್ಲೇಕ್ಸ್ 30 ಗ್ರಾಂ ಮತ್ತು ಮುಕ್ಕಾಲು ಲೋಟ ಹಾಲಿನಿಂದ ದೊರೆಯುವುದು ಆರೇಳು ಗ್ರಾಂ ಮಾತ್ರ, ನಾರು ಒಂದು ಗ್ರಾಂನ ಆಸುಪಾಸು.

ಇದರ ದೋಷ ಒಂದೇ, ಆದರೆ ಅದು ದೊಡ್ಡದು: ಗರಿಗರಿ ಎಂಬುದು ಎಳ್ಳಷ್ಟೂ ಇಲ್ಲ, ಲೋಳೆಯಂತಹ ಮೃದುತ್ವ ಮಕ್ಕಳಿಗೆ ಹಿಡಿಸದೇ ಹೋಗಬಹುದು. ಚಿಯಾ ತನ್ನ ತೂಕದ ಹತ್ತು ಪಟ್ಟಿನಷ್ಟು ನೀರನ್ನು ಹೀರಿ ಲೋಳೆಯನ್ನು ಇನ್ನೂ ಹೆಚ್ಚಿಸುವುದರಿಂದ ಇಂತಹ ಮಕ್ಕಳಿಗೆ ಮಾಡುವಾಗ ಅದನ್ನು ಕೈಬಿಟ್ಟು, ತಿನ್ನುವ ಹೊತ್ತಿನಲ್ಲಿ ಹುರಿದ ಬೀಜಗಳನ್ನು ಮೇಲೆ ಉದುರಿಸಿ ಕೊಡಬೇಕು. ಚಳಿಗಾಲದಲ್ಲಿ ತಣ್ಣನೆಯ ಬಟ್ಟಲು ಬೇಡವೆನ್ನುವವರು ಎರಡು ಚಮಚ ಹಾಲು ಸೇರಿಸಿ ಒಂದು ನಿಮಿಷ ಬಿಸಿ ಮಾಡಿಕೊಂಡರೆ ಸಾಕು. ಒಮ್ಮೆ ಕಲಸಿದ್ದು ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಕೆಡದೆ ಇರುತ್ತದೆ. ಹೆಚ್ಚಿದ ಹಣ್ಣನ್ನು ಮಾತ್ರ ತಿನ್ನುವ ದಿನವೇ ಸೇರಿಸಬೇಕು.

ಇದೇ ಜಾತಿಗೆ ಸೇರಿದ, ಆದರೆ ರುಚಿಯಲ್ಲಿ ಒಂದು ಕೈ ಮೇಲಾದ ಬಗೆಯೆಂದರೆ ಸ್ವಿಸ್ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಷರ್ ಬೆನ್ನರ್ 1900ರ ಸುಮಾರಿಗೆ ತನ್ನ ರೋಗಿಗಳಿಗಾಗಿ ರೂಪಿಸಿದ ಮ್ಯೂಸ್ಲಿ. ಇಂದು ಆ ಹೆಸರಿನಲ್ಲಿ ಮಾರಾಟವಾಗುವ ಒಣ ಮಿಶ್ರಣಕ್ಕೂ ಅದಕ್ಕೂ ಹೋಲಿಕೆ ಕಡಿಮೆ. ಆತನ ಬಟ್ಟಲಿನಲ್ಲಿ ಪ್ರಧಾನವಾಗಿದ್ದದ್ದು ಸಿಪ್ಪೆಸಹಿತ ತುರಿದ ಸೇಬು. ನೆನೆಸಿದ ಓಟ್ಸ್ ಕೇವಲ ಒಂದು ಚಮಚ, ಅದರ ಮೇಲೆ ನಿಂಬೆರಸ ಮತ್ತು ಪುಡಿ ಮಾಡಿದ ಬೀಜ. ಮಕ್ಕಳಿಗೆ ನೆನೆಸಿದ ಓಟ್ಸ್ ಅನ್ನು ಮೊದಲ ಬಾರಿಗೆ ಕೊಡುವಾಗ ಈ ಪ್ರಮಾಣ ಬಹಳ ಉಪಯುಕ್ತ. ಸೇಬಿನ ಸಿಹಿ ಮತ್ತು ನೀರಿನಂಶದ ನಡುವೆ ಓಟ್ಸ್‌ನ ಲೋಳೆ ನಾಲಿಗೆಗೆ ತಾಕುವುದೇ ಇಲ್ಲ.

ಒಲೆಯ ಮೇಲಿನ ಗಂಜಿ

ಬೆಳಗಿನ ಹತ್ತು ನಿಮಿಷ ಕೈಯಲ್ಲಿದ್ದರೆ ಬಿಸಿ ಗಂಜಿಯಷ್ಟು ಹೊಟ್ಟೆ ಹಿಡಿಯುವ, ಖರ್ಚು ಕಡಿಮೆಯ ತಿಂಡಿ ಬೇರೆಯಿಲ್ಲ. ಇಲ್ಲಿ ಫಲಿತಾಂಶವನ್ನು ನಿರ್ಧರಿಸುವುದು ಓಟ್ಸ್‌ನ ಬಗೆ ಮತ್ತು ಅದು ಪಾತ್ರೆಗೆ ಬೀಳುವ ಕ್ಷಣ. ರೋಲ್ಡ್ ಓಟ್ಸ್ ಅನ್ನು ತಣ್ಣೀರಿನಲ್ಲಿ ಹಾಕಿ ಒಲೆ ಹಚ್ಚಿ ಆಗಾಗ ಕದಡುತ್ತಿದ್ದರೆ ಅದರಲ್ಲಿರುವ ಬೀಟಾ ಗ್ಲೂಕಾನ್ ಎಂಬ ಕರಗುವ ನಾರು ಮತ್ತು ಪಿಷ್ಟ ನಿಧಾನವಾಗಿ ನೀರಿಗೆ ಇಳಿದು ಗಂಜಿ ಕೆನೆಯಂತೆ ಆಗುತ್ತದೆ. ಕುದಿಯುವ ನೀರಿಗೆ ಓಟ್ಸ್ ಸುರಿದು ಹೆಚ್ಚು ಕದಡದೆ ಬಿಟ್ಟರೆ ಚಕ್ಕೆಗಳು ಬಿಡಿಬಿಡಿಯಾಗಿ, ಅಗಿಯುವಂತೆ ಉಳಿಯುತ್ತವೆ. ಗಂಜಿ ಅಂಟಂಟು ಎಂದು ಮುಖ ತಿರುಗಿಸುವ ಮಗುವಿನ ಮುಂದೆ ಈ ಎರಡನೇ ಬಗೆಯನ್ನು ಇಟ್ಟು ನೋಡಬೇಕು. ಒಂದು ಅಳತೆ ಓಟ್ಸ್‌ಗೆ ಎರಡರಿಂದ ಎರಡೂವರೆ ಅಳತೆ ದ್ರವ, ಅದರಲ್ಲಿ ಅರ್ಧ ನೀರು, ಅರ್ಧ ಹಾಲು; ಐದಾರು ನಿಮಿಷದ ಕುದಿ. ಸ್ಟೀಲ್ ಕಟ್ ಓಟ್ಸ್‌ಗೆ ಅರ್ಧ ಗಂಟೆಯೇ ಬೇಕು, ಹಾಗಾಗಿ ಅದನ್ನು ರಜಾದಿನಕ್ಕೆ ಮೀಸಲಿಡುವುದು ಲೇಸು.

ರಕ್ತದಲ್ಲಿನ ಸಕ್ಕರೆ ಎಷ್ಟು ಬೇಗ ಏರುತ್ತದೆ ಎಂಬುದನ್ನು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕದಲ್ಲಿ ಕಾರ್ನ್‌ಫ್ಲೇಕ್ಸ್ ಸುಮಾರು 80ರ ಹತ್ತಿರ ಇದ್ದರೆ ರೋಲ್ಡ್ ಓಟ್ಸ್‌ನ ಗಂಜಿ 55ರ ಹತ್ತಿರ ಇರುತ್ತದೆ. ಆದರೆ ಅದೇ ಓಟ್ಸ್ ಅನ್ನು ತೆಳುವಾಗಿ, ಸಣ್ಣದಾಗಿ ಮಾಡಿದ ಇನ್‌ಸ್ಟಂಟ್ ಬಗೆಯ ಅಂಕಿ 80ರ ಸಮೀಪಕ್ಕೇ ಏರಿಬಿಡುತ್ತದೆ. ಧಾನ್ಯ ಒಂದೇ ಆದರೂ ಅದನ್ನು ಎಷ್ಟು ನುಣ್ಣಗೆ ಮಾಡಿದ್ದಾರೆ ಎಂಬುದರ ಮೇಲೆ ಹನ್ನೊಂದು ಗಂಟೆಗೇ ಹಸಿವಾಗುವುದೋ ಊಟದ ಹೊತ್ತಿನವರೆಗೆ ತಡೆಯುವುದೋ ನಿರ್ಧಾರವಾಗುತ್ತದೆ. ಸಕ್ಕರೆ ಮತ್ತು ರುಚಿಪುಡಿ ಬೆರೆಸಿ ಸಣ್ಣ ಪಾಕೆಟ್‌ಗಳಲ್ಲಿ ಬರುವ ಇನ್‌ಸ್ಟಂಟ್ ಓಟ್ಸ್ ಅನ್ನು ನಾನು ಮನೆಯ ತಿಂಡಿಯ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಅದು ಬಿಸಿ ಮಾಡಿದ ಪೊಟ್ಟಣದ ಸೀರಿಯಲ್ ಅಷ್ಟೆ. ಇನ್ನು ಕೊಲೆಸ್ಟರಾಲ್ ತಗ್ಗಿಸುವ ಮಾತು ಸುಳ್ಳಲ್ಲ, ಆದರೆ ಅದಕ್ಕೆ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ಬೇಕು. 40 ಗ್ರಾಂ ಓಟ್ಸ್‌ನ ಒಂದು ಬಟ್ಟಲಿನಿಂದ ಸಿಗುವುದು ಅದರ ಅರ್ಧದಷ್ಟು.

ಓಟ್ಸ್ ಒಂದೇ ದಾರಿಯಲ್ಲ. ಸಿರಿಧಾನ್ಯ, ಜೋಳ, ಬಾರ್ಲಿ, ಇಡಿ ಗೋಧಿ ಇವುಗಳ ಹಿಟ್ಟು ಅಥವಾ ನುಚ್ಚಿನಿಂದಲೂ ಗಂಜಿ ಕಾಯಿಸಬಹುದು. ಪುಟ್ಟ ಮಕ್ಕಳಿರುವ ಮನೆಗೆ ಒಂದು ಶ್ರಮದ ಕೆಲಸವನ್ನು ಧೈರ್ಯವಾಗಿ ಸೂಚಿಸಬಹುದು: ಧಾನ್ಯವನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಬೀಸಿಟ್ಟುಕೊಳ್ಳುವುದು. ಮೊಳಕೆಯೊಡೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಇಂತಹ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುವುದಿಲ್ಲ. ಹಾಗಾಗಿ ಅದೇ ಪುಟ್ಟ ಬಟ್ಟಲಿನಲ್ಲಿ ಹೆಚ್ಚು ಧಾನ್ಯ ಹಿಡಿಯುತ್ತದೆ, ಸ್ವಲ್ಪವೇ ತಿನ್ನುವ ಮಗುವಿನ ಹೊಟ್ಟೆಗೆ ಹೆಚ್ಚು ಆಹಾರ ಸೇರುತ್ತದೆ. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿಕೊಂಡೇ ಒಲೆಯ ಮೇಲಿಡಬೇಕು.

ಗರಿಗರಿ ಬೇಕೇ ಬೇಕು ಎನ್ನುವವರಿಗೆ

ಬಹುಪಾಲು ಮನೆಗಳಲ್ಲಿ ಪೊಟ್ಟಣವನ್ನು ಬಿಡಲಾಗದಂತೆ ಹಿಡಿದಿಟ್ಟಿರುವುದು ಈ ಗರಿಗರಿತನವೇ, ಹಾಗಾಗಿ ಓಟ್ಸ್, ಬೀಜಗಳಿಗೆ ಜೇನು, ಎಣ್ಣೆ ಕಲಸಿ ಓವನ್‌ನಲ್ಲಿ ಬೇಯಿಸುವ ಗ್ರಾನೋಲಾ ಎಲ್ಲರ ಮೆಚ್ಚಿನ ಬದಲಿಯಾಗಿದೆ. ಮನೆಯಲ್ಲಿ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಅದನ್ನು ಒಳ್ಳೆಯದೆಂದು ನಂಬುವುದು ಮಾತ್ರ ಇಲ್ಲಿ ನಡೆಯುವ ಅತಿ ದೊಡ್ಡ ಎಡವಟ್ಟು. ಒಂದು ಲೆಕ್ಕ ಹಾಕೋಣ. 300 ಗ್ರಾಂ ಓಟ್ಸ್, 100 ಗ್ರಾಂ ಬಾದಾಮಿ ಗೋಡಂಬಿಗಳು, 50 ಗ್ರಾಂ ಕುಂಬಳ ಮತ್ತು ಸೂರ್ಯಕಾಂತಿ ಬೀಜ, 55 ಗ್ರಾಂ ಎಣ್ಣೆ, ಇವಕ್ಕೆ 150 ಗ್ರಾಂ ಜೇನು ಮತ್ತು 100 ಗ್ರಾಂ ಕಂದು ಸಕ್ಕರೆ ಹಾಕಿದರೆ, ಜೇನಿನಲ್ಲಿ ಶೇಕಡಾ 80ರಷ್ಟು ಸಕ್ಕರೆಯೇ ಇರುವುದರಿಂದ, ಒಟ್ಟು 755 ಗ್ರಾಂ ಮಿಶ್ರಣದಲ್ಲಿ ಸಕ್ಕರೆ 220 ಗ್ರಾಂ. ಅಂದರೆ 100 ಗ್ರಾಂಗೆ 29 ಗ್ರಾಂ. ಯಾವ ಪೊಟ್ಟಣವನ್ನು ಕಂಡು ಓಡಿಬಂದೆವೋ ಅದೇ ಅಂಕಿ, ಜೊತೆಗೆ ಎಣ್ಣೆ ಬೇರೆ! ಸಕ್ಕರೆಯನ್ನು ಪೂರ್ತಿ ಬಿಟ್ಟು ಜೇನನ್ನು 80 ಗ್ರಾಂಗೆ ಇಳಿಸಿದರೆ ಅದು ಸುಮಾರು 11 ಗ್ರಾಂಗೆ ಬರುತ್ತದೆ, ಗರಿಗರಿಗೆ ಹೆಚ್ಚೇನೂ ಕುಂದು ಬರುವುದಿಲ್ಲ. ಜೇನು ನೈಸರ್ಗಿಕವಾದದ್ದು, ಆದ್ದರಿಂದ ಲೆಕ್ಕಕ್ಕಿಲ್ಲ ಎನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಜೇನನ್ನೂ ಹಣ್ಣಿನ ರಸವನ್ನೂ ಸಕ್ಕರೆಯ ಸಾಲಿನಲ್ಲೇ ಎಣಿಸುತ್ತದೆ.

ಮಾಡುವ ಬಗೆಯಲ್ಲಿ ತಪ್ಪುವುದೆಲ್ಲ ಓವನ್‌ನ ಮುಂದೆ. 150 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದ ಓವನ್‌ನಲ್ಲಿ, ಟ್ರೇ ಮೇಲೆ ತೆಳುವಾಗಿ ಹರಡಿದ ಮಿಶ್ರಣಕ್ಕೆ 25ರಿಂದ 35 ನಿಮಿಷ ಬೇಕು. ಟ್ರೇಯ ಅಂಚು ಮೊದಲು ಕಂದುತ್ತದೆ, ನಡುಭಾಗ ಹಿಂದುಳಿಯುತ್ತದೆ, ಆದ್ದರಿಂದ ಅರ್ಧ ಸಮಯಕ್ಕೆ ಒಮ್ಮೆ ಹೊರತೆಗೆದು ಅಂಚಿನದನ್ನು ನಡುವಿಗೆ ಎಳೆದು ಹರಡಬೇಕು. ಬಣ್ಣ ಹೊನ್ನಿನಂತಾಗಿ ಹುರಿದ ಬೀಜದ ಪರಿಮಳ ಬಂದಾಗ ಬೆರಳಿನಿಂದ ಒತ್ತಿ ನೋಡಿದರೆ ಅದು ಇನ್ನೂ ಮೆತ್ತಗೇ ಇರುತ್ತದೆ. ಇಲ್ಲೇ ಹಲವರು ಇನ್ನೂ ಆಗಿಲ್ಲವೆಂದು ಮತ್ತೆ ಒಳಗಿಟ್ಟು ಕರಕಲು ಮಾಡುವುದು. ಗರಿಗರಿ ಬರುವುದು ಓವನ್‌ನಲ್ಲಿ ಅಲ್ಲ, ಹೊರಗೆ ಆರುವಾಗ. ಗಟ್ಟಿ ಉಂಡೆಗಳಾಗಿ ಬೇಕಿದ್ದರೆ ಒಂದು ಮೊಟ್ಟೆಯ ಬಿಳಿಯನ್ನು ಕಲಸಿ, ಕೈಯಾಡಿಸದೆ ಬೇಯಿಸಿ, ಪೂರ್ತಿ ಆರಿದ ಮೇಲೆ ಮುರಿಯಬೇಕು. ಒಣದ್ರಾಕ್ಷಿಯನ್ನು ಮೊದಲೇ ಹಾಕಿದರೆ ಅದು ಸುಟ್ಟು ಕಹಿಯಾಗುತ್ತದೆ, ಕೊನೆಯಲ್ಲಿ ಸೇರಿಸಬೇಕು.

ಸಕ್ಕರೆ ಇಳಿಸಿದರೂ ಗ್ರಾನೋಲಾದ 100 ಗ್ರಾಂನಲ್ಲಿ 450 ಕ್ಯಾಲೊರಿಗಿಂತ ಹೆಚ್ಚೇ ಇರುತ್ತದೆ. ಆದ್ದರಿಂದ ಅದನ್ನು ಬಟ್ಟಲು ತುಂಬ ಹಾಕಿ ಹಾಲು ಸುರಿಯುವ ತಿಂಡಿಯಾಗಿ ನೋಡದೆ, ಮೊಸರು, ಹಣ್ಣು ಅಥವಾ ಗಂಜಿಯ ಮೇಲೆ ಎರಡು ಮೂರು ದೊಡ್ಡ ಚಮಚದಷ್ಟು ಉದುರಿಸುವ ವಸ್ತುವಾಗಿ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬಟ್ಟಲು ತುಂಬ ತಿನ್ನುವ ಒಣ ಮಿಶ್ರಣವೇ ಬೇಕಿದ್ದರೆ ಅದಕ್ಕೆ ಮ್ಯೂಸ್ಲಿ ತಕ್ಕದ್ದು. ರೋಲ್ಡ್ ಓಟ್ಸ್ ಅನ್ನು ಎಣ್ಣೆಯಿಲ್ಲದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಹುರಿದು, ಹುರಿದ ಬೀಜಗಳನ್ನೂ ಒಂದು ಹಿಡಿ ಒಣದ್ರಾಕ್ಷಿಯನ್ನೂ ಬೆರೆಸಿದರೆ ಆಯಿತು. ಓವನ್ ಬೇಕಿಲ್ಲ, ಎಣ್ಣೆ ಬೇಕಿಲ್ಲ, ಒಣದ್ರಾಕ್ಷಿಯದನ್ನು ಬಿಟ್ಟರೆ ಬೇರೆ ಸಿಹಿಯೂ ಇಲ್ಲ. ಪೂರ್ತಿ ಆರುವ ಮೊದಲೇ ಡಬ್ಬಿಗೆ ತುಂಬಿದರೆ ಒಳಗೆ ಹಬೆ ಕಟ್ಟಿ ಮೆತ್ತಗಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಇವೆರಡೂ ಎರಡು ಮೂರು ವಾರ ಚೆನ್ನಾಗಿರುತ್ತವೆ. ಅದಕ್ಕೂ ಹೆಚ್ಚು ದಿನ ಇಟ್ಟರೆ ಬೀಜಗಳ ಎಣ್ಣೆ ಕಮಟು ವಾಸನೆ ಹಿಡಿಯಲು ಆರಂಭಿಸುತ್ತದೆ.

ಮಗು ತಾನೇ ಬಡಿಸಿಕೊಳ್ಳಬೇಕು ಎಂಬ ಮನೆಗೆ ಪೊಟ್ಟಣದ ಜಾಗದಲ್ಲಿ ನೇರವಾಗಿ ಕೂರಬಲ್ಲದ್ದು ಈ ಮ್ಯೂಸ್ಲಿಯೊಂದೇ. ಡಬ್ಬಿಯೊಳಗೆ 40 ಗ್ರಾಂ ಹಿಡಿಯುವ ಒಂದು ಅಳತೆಯ ಲೋಟ ಇಟ್ಟುಬಿಟ್ಟರೆ ಎಷ್ಟು ಸುರಿಯಬೇಕು ಎಂಬ ದಿನನಿತ್ಯದ ವಾದವೂ ತಪ್ಪುತ್ತದೆ.

ಅರಳಿಸಿದ ಧಾನ್ಯ, ಅಂದರೆ ಬಿಸಿ ಬಾಣಲೆಯಲ್ಲಿ ಸಿಡಿಸಿದ ರಾಜಗಿರಿಯಂಥವೂ ಗರಿಗರಿಯೇ. ಬಾಣಲೆ ಹೊಗೆಯಾಡುವಷ್ಟು ಕಾದಿರಬೇಕು, ಒಂದು ಸಲಕ್ಕೆ ಒಂದೇ ಚಮಚ ಕಾಳು, ಮುಚ್ಚಳ ಮುಚ್ಚಿ ಅಲುಗಾಡಿಸಿದರೆ ಕೆಲವೇ ಕ್ಷಣಗಳಲ್ಲಿ ಎಲ್ಲವೂ ಬೆಳ್ಳಗೆ ಸಿಡಿದಿರುತ್ತದೆ. ಕಾವು ಸಾಲದಿದ್ದರೆ ಕಾಳು ಸಿಡಿಯದೆ ಹುರಿದು ಕೆಂಪಾಗುತ್ತದೆ. ಮಕ್ಕಳು ನಿಂತು ನೋಡುವಂತಹ ಕೆಲಸ. ಆದರೆ ಅರಳಿದ್ದು ಹಗುರ, ಬಟ್ಟಲು ತುಂಬಿದರೂ ಒಳಗಿರುವುದು ಹತ್ತಿಪ್ಪತ್ತು ಗ್ರಾಂ ಧಾನ್ಯ ಮಾತ್ರ. ಹಾಲು ಮತ್ತು ಬೀಜಗಳ ಜೊತೆಯಿಲ್ಲದೆ ಅದೊಂದೇ ತಿಂಡಿಯಾಗಲಾರದು.

ಮೊಟ್ಟೆ, ಮೊಸರು ಮತ್ತು ಉಳಿದವು

ಮೊಟ್ಟೆ ತಿನ್ನುವ ಮನೆಗೆ ಇಷ್ಟೆಲ್ಲ ಲೆಕ್ಕಾಚಾರವೇ ಬೇಕಿಲ್ಲ. ಎರಡು ಮೊಟ್ಟೆಯಿಂದ 12 ಗ್ರಾಂಗೂ ಹೆಚ್ಚು ಪ್ರೋಟೀನ್, ಬಿ12 ಸಹಿತ. ಒಡೆದು ಕದಡಿ ಬೇಯಿಸಲು ಮೂರು ನಿಮಿಷ. ಸಿಪ್ಪೆಸಹಿತ ಬೇಯಿಸಿಟ್ಟವು ಫ್ರಿಜ್‌ನಲ್ಲಿ ಒಂದು ವಾರ ಇರುತ್ತವೆ. ಮೊಟ್ಟೆಯಲ್ಲಿ ನಾರು ಮಾತ್ರ ಇಲ್ಲವೇ ಇಲ್ಲ, ಆದ್ದರಿಂದ ಪಕ್ಕದಲ್ಲಿ ಇಡಿ ಧಾನ್ಯದ ಬ್ರೆಡ್ ಮತ್ತು ಒಂದು ಹಣ್ಣು ಇರಲೇಬೇಕು.

ಮೊಸರಿನ ಬಟ್ಟಲು ಇದಕ್ಕಿಂತಲೂ ಸುಲಭ, ಮೊಸರು ಸಪ್ಪೆಯದಾಗಿದ್ದರೆ ಮಾತ್ರ. ಹಣ್ಣಿನ ರುಚಿಯ ಮೊಸರನ್ನು ಕೊಂಡು ತಂದರೆ ಪೊಟ್ಟಣದಿಂದ ಓಡಿಸಿದ ಸಕ್ಕರೆ ಡಬ್ಬಿಯಲ್ಲಿ ಮರಳಿ ಬರುತ್ತದೆ. ಸಾಮಾನ್ಯ ಮೊಸರಿನ 100 ಗ್ರಾಂನಲ್ಲಿ ಪ್ರೋಟೀನ್ ಮೂರೂವರೆ ನಾಲ್ಕು ಗ್ರಾಂ. ಅದನ್ನೇ ತೆಳು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದು ಗಟ್ಟಿ ಮಾಡಿದರೆ ಅದೇ ತೂಕಕ್ಕೆ ಎಂಟು ಒಂಬತ್ತು ಗ್ರಾಂನವರೆಗೂ ಏರುತ್ತದೆ.

ರಜಾದಿನದ ಒಂದು ಗಂಟೆಯನ್ನು ಕೊಡಬಲ್ಲವರು ಬೇಯಿಸಿದ ಓಟ್ಸ್ ತುಂಡುಗಳನ್ನು ಮಾಡಿಟ್ಟುಕೊಳ್ಳಬಹುದು. 200 ಗ್ರಾಂ ಓಟ್ಸ್, ಅರ್ಧ ಲೀಟರ್ ಹಾಲು, ಎರಡು ಮೊಟ್ಟೆ, ಚೆನ್ನಾಗಿ ಕಳಿತು ಸಿಪ್ಪೆ ಕಪ್ಪಾದ ಎರಡು ಬಾಳೆಹಣ್ಣು, ಒಂದು ಟೀ ಚಮಚ ಬೇಕಿಂಗ್ ಪೌಡರ್ ಇವನ್ನು ಕಲಸಿ, ಎಣ್ಣೆ ಸವರಿದ ಪಾತ್ರೆಯಲ್ಲಿ 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿದರೆ ಆರೆಂಟು ತುಂಡುಗಳಾಗುತ್ತವೆ. ಕೈಯಲ್ಲಿ ಹಿಡಿದು ತಿನ್ನುತ್ತ ಶಾಲೆಯ ಬಸ್ಸು ಹತ್ತಬಹುದಾದ ತಿಂಡಿ ಈ ಪಟ್ಟಿಯಲ್ಲಿ ಇದೊಂದೇ ಎನ್ನಬಹುದು. ಮೂರು ನಾಲ್ಕು ದಿನ ಫ್ರಿಜ್‌ನಲ್ಲಿಯೂ, ಅದಕ್ಕಿಂತ ಹೆಚ್ಚು ಬೇಕಿದ್ದರೆ ಫ್ರೀಜರ್‌ನಲ್ಲಿಯೂ ಇಡಬಹುದು. ಇಡಿ ಧಾನ್ಯದ ಹಿಟ್ಟಿನ ಪ್ಯಾನ್‌ಕೇಕ್‌ಗೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಅದನ್ನು ತಿನ್ನುವಾಗ ಮೇಲೆ ಸುರಿಯುವ ಸಿರಪ್‌ನಿಂದಾಗಿ ನಾನು ಅದಕ್ಕೆ ಎರಡನೇ ಸ್ಥಾನ ಕೊಡುತ್ತೇನೆ.

ಸ್ಮೂದಿಯನ್ನು ತಿಂಡಿಯೆಂದು ಒಪ್ಪಲು ನನಗೆ ಮನಸ್ಸಿಲ್ಲ. ಎರಡು ಬಾಳೆಹಣ್ಣನ್ನೂ ಒಂದು ಮಾವನ್ನೂ ಕೂತು ತಿನ್ನಲಾರದ ಮಗು ಅಷ್ಟನ್ನೂ ಅರೆದು ಕೊಟ್ಟರೆ ಎರಡು ನಿಮಿಷದಲ್ಲಿ ಕುಡಿದು ಮುಗಿಸುತ್ತದೆ, ಹೊಟ್ಟೆ ತುಂಬಿದ ಅರಿವೂ ಬೇಗ ಆರುತ್ತದೆ. ಕೊಡಲೇಬೇಕಾದ ದಿನ ಹಣ್ಣು ಒಂದೇ ಇರಲಿ, ಮೊಸರು ಮತ್ತು ಎರಡು ಚಮಚ ಓಟ್ಸ್ ಜೊತೆಗಿರಲಿ.

ರಾತ್ರಿ ಉಳಿದ ಅನ್ನ, ನವಣೆ, ಕ್ವಿನೋವಾ ಮುಂತಾದವನ್ನು ಬೆಳಿಗ್ಗೆ ಹಾಲಿನಲ್ಲಿ ಬಿಸಿ ಮಾಡಿ, ಹಣ್ಣು ಬೀಜ ಸೇರಿಸಿ ಕೊಡುವುದು ಎಲ್ಲಕ್ಕಿಂತ ಅಗ್ಗದ ದಾರಿ. ಬೆಂದ ಧಾನ್ಯದಲ್ಲಿ ಬದುಕುಳಿಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೆಚ್ಚನೆಯ ಪಾತ್ರೆಯಲ್ಲಿ ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದೇ ಇರಬಹುದು. ಆದ್ದರಿಂದ ಊಟ ಮುಗಿದ ಒಂದು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಜ್‌ಗೆ ಸೇರಿಸಬೇಕು, ಮರುದಿನ ಒಂದೇ ಸಲ ಬಿಸಿ ಮಾಡಬೇಕು.

ಆರಿಸುವುದು ಹೇಗೆ

ಯಾವ ಮನೆಯೂ ವಾರದ ಏಳು ದಿನಕ್ಕೆ ಒಂದೇ ಬದಲಿಯನ್ನು ನೆಚ್ಚಿಕೊಳ್ಳಬೇಕಿಲ್ಲ, ಹಾಗೆಂದು ಏಳು ಬಗೆಯನ್ನು ಮಾಡಲು ಹೊರಟರೂ ಸುಸ್ತಾಗುವುದು ನಿಶ್ಚಿತ. ಎರಡನ್ನು ಜೋಡಿ ಮಾಡಿಕೊಳ್ಳುವುದು ಸಾಕು. ಇಬ್ಬರೂ ಕೆಲಸಕ್ಕೆ ಹೊರಡುವ, ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ನೆನೆಸಿದ ಓಟ್ಸ್ ಮತ್ತು ಮ್ಯೂಸ್ಲಿಯ ಜೋಡಿ ಹೊಂದುತ್ತದೆ. ಎರಡಕ್ಕೂ ಬೇಕಾದ ಸಾಮಾನು ಒಂದೇ. ಹಿರಿಯರಿರುವ ಮನೆಗೆ ಬಿಸಿ ಗಂಜಿ ಮತ್ತು ಮೊಟ್ಟೆ, ಹಲ್ಲಿನ ತೊಂದರೆಯಿದ್ದವರಿಗೂ ಅದು ಸುಲಭ. ಬೆಳಿಗ್ಗೆ ಏನೂ ತಿನ್ನಲೊಲ್ಲದ ಹದಿಹರೆಯದವರಿಗೆ ಕೈಯಲ್ಲಿ ಹಿಡಿಯುವ ಓಟ್ಸ್ ತುಂಡು.

ಸಿಹಿ ಸೀರಿಯಲ್‌ಗೆ ಒಗ್ಗಿದ ನಾಲಿಗೆಗೆ ಸಪ್ಪೆ ಬಟ್ಟಲನ್ನು ಒಮ್ಮೆಲೇ ಒಡ್ಡಿದರೆ ಅದು ಹಾಗೇ ಉಳಿಯುತ್ತದೆ. ಮೊದಲು ಬಟ್ಟಲಿನ ಕಾಲುಭಾಗಕ್ಕೆ ಮನೆಯ ಮಿಶ್ರಣ, ಉಳಿದದ್ದು ಹಳೆಯದೇ. ಕೆಲವು ದಿನ ಕಳೆದು ಅರ್ಧ, ಮತ್ತೆ ಮುಕ್ಕಾಲು. ಸಿಹಿಯನ್ನು ಪೂರ್ತಿ ತೆಗೆಯುವ ಹಟ ಬೇಡ. ಮಗುವಿನ ಕಣ್ಣೆದುರೇ ಒಂದು ಟೀ ಚಮಚ ಬೆಲ್ಲದ ಪುಡಿ ಉದುರಿಸಿದರೂ ಅದು ಸುಮಾರು 4 ಗ್ರಾಂ, ಸಿಹಿ ಸೀರಿಯಲ್‌ನ ಆ ಬಟ್ಟಲಿನ 15 ಗ್ರಾಂಗಿಂತ ಬಹಳ ಕಡಿಮೆ. ದಾಲ್ಚಿನ್ನಿ ಮತ್ತು ಏಲಕ್ಕಿ ಸಕ್ಕರೆಯಿಲ್ಲದೆಯೂ ಸಿಹಿಯ ಭ್ರಮೆ ಹುಟ್ಟಿಸುತ್ತವೆ.

ಕೆಲವು ಎಚ್ಚರಿಕೆಗಳಲ್ಲಿ ಮಾತ್ರ ರಾಜಿಯಿಲ್ಲ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ಯಾವ ರೂಪದಲ್ಲೂ ಕೊಡಬಾರದು. ಬಾಟುಲಿಸಮ್ ಎಂಬ ಅಪಾಯಕಾರಿ ರೋಗದ ಬೀಜಾಣುಗಳು ಅದರಲ್ಲಿ ಇರಬಹುದು. ಐದು ವರ್ಷದೊಳಗಿನವರಿಗೆ ಇಡಿ ಬಾದಾಮಿ ಗೋಡಂಬಿಗಳು ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದ ಪುಡಿ ಮಾಡಿಯೋ ಬೆಣ್ಣೆಯಂತೆ ಅರೆದೋ ಬಳಸಬೇಕು. ಚಿಯಾ ಬೀಜವನ್ನು ಒಣಗಿದ್ದಾಗ ನುಂಗಬಾರದು, ನೆನೆದು ಉಬ್ಬಿದ ಮೇಲೆಯೇ ತಿನ್ನಬೇಕು. ಗ್ಲೂಟೆನ್ ಆಗದ ಸೀಲಿಯಾಕ್ ಕಾಯಿಲೆಯವರು ಓಟ್ಸ್ ಆರಿಸುವಾಗ ಗ್ಲೂಟೆನ್ ರಹಿತ ಎಂಬ ಮುದ್ರೆಯಿರುವುದನ್ನೇ ಕೊಳ್ಳಬೇಕು, ಏಕೆಂದರೆ ಹೊಲ ಮತ್ತು ಗಿರಣಿಗಳಲ್ಲಿ ಗೋಧಿ, ಬಾರ್ಲಿಗಳ ಕಾಳು ಅದರೊಳಗೆ ಬೆರೆಯುವುದು ಸಾಮಾನ್ಯ. ಅವರಲ್ಲಿ ಕೆಲವರಿಗೆ ಶುದ್ಧ ಓಟ್ಸ್‌ನ ಅವೆನಿನ್ ಎಂಬ ಪ್ರೋಟೀನ್ ಕೂಡ ಒಗ್ಗುವುದಿಲ್ಲ. ಅಂಥವರು ವೈದ್ಯರನ್ನು ಕೇಳಿಯೇ ಓಟ್ಸ್ ಆರಂಭಿಸಬೇಕು. ಅಲ್ಲಿಯವರೆಗೆ ಗ್ಲೂಟೆನ್ ಇಲ್ಲದ ಸಿರಿಧಾನ್ಯ ಅಥವಾ ರಾಜಗಿರಿಯ ಗಂಜಿ ಅವರಿಗೆ ಆಗುತ್ತದೆ.